ಅಳಿಸಿ ಎಳೆದ ಗೆರೆ

ಇಬ್ರಾ ದಾಟಿ ನಲವತ್ತು ಕಿಲೋಮೀಟರು, ಹೈಲ್ ಎಂಬ ಊರು.
ನನ್ನ ಕೆಲಸ ಇಷ್ಟೇ:
ಕಾಗದದ ಮನೆಯನ್ನು ನೆಲಕ್ಕಿಳಿಸುವುದು,
ತೂತು ಡಬ್ಬಿಯಿಂದ ಸುಣ್ಣ ಸುರಿಸುತ್ತ
ಹಿಂದೆ ಹಿಂದೆ ನಡೆಯುವುದು.
ಹನ್ನೊಂದು ವರ್ಷ. ಎಷ್ಟು ಮನೆ ಎಳೆದೆನೋ,
ಒಂದರಲ್ಲೂ ಬಾಗಿಲಿನಿಂದ ಒಳಹೋದವನಲ್ಲ.

ಇಲ್ಲಿ ಅರವತ್ತೆರಡು ಮನೆ.
ಮೊದಲ ನಕ್ಷೆ ಮಸ್ಕತ್‌ನಿಂದ ಬಂತು, ಕೊಳವೆಯಲ್ಲಿ ಸುರುಳಿಯಾಗಿ:
ರಸ್ತೆ ಬಿಟ್ಟ ಬಾಣ,
ಕಿಟಕಿಗಳೆಲ್ಲ ಪಡುವಣಕ್ಕೆ, ಬಿಸಿಲನ್ನೇ ಕಾಯುತ್ತ.
ಮೂರು ದಿನ ಎಳೆದೆ.
ನಾಲ್ಕನೆಯ ಬೆಳಗ್ಗೆ ಒಬ್ಬ ಮುದುಕ
ನನ್ನ ಗೆರೆಯ ಮೇಲೆಯೇ ಕುಂತಿದ್ದ,
ಕೋಲು ಮಡಿಲಲ್ಲಿ, ಚಪ್ಪಲಿ ಪಕ್ಕದಲ್ಲಿ.

ಸುಲೈಮ್ ಬಿನ್ ಹುಮೈದ್, ಫಲಜಿನ ನೀರು ಹಂಚುವವನು.
ಹಗಲಿನ ಪಾಳಿ ನೆರಳು ನೋಡಿ,
ಇರುಳಿನ ಪಾಳಿ ಚುಕ್ಕಿ ನೋಡಿ.
"ಕೆಳಗೆ ನೀರು ನಡೆಯುತ್ತಿದೆ," ಅಂದ,
"ನಿನ್ನ ಗೆರೆ ಅದರ ಬೆನ್ನ ಮೇಲಿದೆ."
ನೆಲಕ್ಕೆ ಕಿವಿ ಹಚ್ಚಿದೆ. ಏನೂ ಇಲ್ಲ.
"ನನಗೂ ಕೇಳಿಸದು," ನಕ್ಕ.
"ಅಪ್ಪ ಹೇಳಿದ್ದು. ಅಪ್ಪನಿಗೆ ಅವನಪ್ಪ."

ಆಮೇಲೆ ಸಬ್ಲಾದಲ್ಲಿ ಹತ್ತು ಸಂಜೆ.
ನಕ್ಷೆ ಹಾರದ ಹಾಗೆ ಮೂಲೆಗೊಂದು ಭಾರ:
ಖರ್ಜೂರದ ತಟ್ಟೆ, ಕಾಫಿಯ ಹೂಜಿ, ಒಂದು ಕಲ್ಲು, ಯಾರದೋ ಮೊಬೈಲು.
ಇಂಜಿನಿಯರ್ ಬುಸೈನಾ ಕೇಳುತ್ತಾಳೆ, ಬರೆಯುತ್ತಾಳೆ,
ಬರೆದಿದ್ದಕ್ಕಿಂತ ಹೆಚ್ಚು ಅಳಿಸುತ್ತಾಳೆ.
ಒಬ್ಬನಿಗೆ ಮೇಕೆ ಹೋಗುವ ದಾರಿ ಬೇಕು.
ಇನ್ನೊಬ್ಬನಿಗೆ ಎ.ಸಿ. ಬೇಕೇ ಬೇಕು,
"ನಿನ್ನ ಗಾಳಿಕಿಂಡಿಯಲ್ಲಿ ನಿನ್ನ ಮಾವ ಮಲಗಲಿ!"
ಹನ್ನೆರಡು ಗಾಫ್ ಮರ, ಒಂದನ್ನೂ ಮುಟ್ಟಕೂಡದು;
ಹದಿಮೂರನೆಯದು ಯಾರದೆಂದು ಎರಡು ಮನೆತನಕ್ಕೆ
ನನ್ನ ವಯಸ್ಸಿಗಿಂತ ಹಳೆಯ ಜಗಳ.
ಹೆಂಗಸರು ಬೇರೆ ದಿನ, ಬೇರೆ ಕೋಣೆ.
ಅಲ್ಲಿಂದ ಬಂದ ಚೀಟಿಯಲ್ಲಿ ಒಂದೇ ಮಾತು:
ಎದುರುಮನೆಯ ಕಿಟಕಿ ನಮ್ಮ ಅಂಗಳಕ್ಕೆ ಕಾಣಬಾರದು,
ಎದುರುಮನೆಯವಳ ದನಿ ಕೇಳಬೇಕು.

ಈ ಮಾತನ್ನು ಸುಣ್ಣದಲ್ಲಿ ಎಳೆಯುವುದು ಹೇಗೆ?

ಪೊರಕೆ ತಗೊಂಡೆ.
ಗುಡಿಸಿದರೂ ಹಳೆಯ ಗೆರೆ ಮಣ್ಣಲ್ಲಿ ಮಸುಕಾಗಿ ಉಳಿಯುತ್ತದೆ,
ಮದುವೆ ಮುರಿದ ಮನೆಯ ಚಪ್ಪರದ ಗುಣಿಯಂತೆ.
ಮತ್ತೆ ಎಳೆದೆ. ರಸ್ತೆ ಬಳುಕಿತು,
ಕಾಣದ ನೀರಿಗೆ ಹಾದಿ ಬಿಟ್ಟು.
ಓಣಿ ಕಿರಿದಾಯಿತು, ಒಂದು ಗೋಡೆಯ ನೆರಳು ಇನ್ನೊಂದನ್ನು ತಲುಪುವಷ್ಟು.
ಗೋಡೆಗೆ ಸಾರೂಜ್: ಮಣ್ಣು ಸುಟ್ಟು, ಬಡಿದು, ನೆನೆಸಿದ್ದು.
ಮೂಸಿದೆ. ಬಾದಾಮಿಯಲ್ಲಿ ನಮ್ಮಜ್ಜ ಅರೆಸುತ್ತಿದ್ದ ಗಾರೆಗೆ
ಅಣ್ಣನೋ ತಮ್ಮನೋ ಆಗಬೇಕು.

ಜುವೈನಾ ಎಂಬ ಮುದುಕಿ ಒಂದು ದಿನ
ನಕ್ಷೆಯನ್ನು ನನ್ನ ಮೂಗಿಗೆ ಹಿಡಿದಳು:
"ಇದರಲ್ಲಿ ನೀವು ಎಲ್ಲಿ?"
ನಾವು ನಲವತ್ತೆರಡು ಜನ. ವಾದಿಯ ಆಚೆ,
ಬೋಳು ಬಯಲಲ್ಲಿ ತಗಡಿನ ಪೆಟ್ಟಿಗೆ,
ಟ್ಯಾಂಕರು ಬಂದರೆ ಸ್ನಾನ.
"ನಾವು ಕಟ್ಟಿ ಹೋಗುವವರು, ತಾಯಿ."
"ಹೋಗುವ ತನಕ ಬಾಯಾರುವುದಿಲ್ಲವೊ?"

ಹನ್ನೊಂದನೆಯ ಸಂಜೆ, ಹಾಗಾದರೆ, ನಮ್ಮದು.
ಸಬ್ಲಾದೊಳಗೆ ಮೊದಲ ಸಲ ಚಪ್ಪಲಿ ಬಿಟ್ಟು ಕುಂತೆ.
ಪೆಟ್ಟಿಗೆಗಳು ಹದಿಮೂರನೆಯ ಮರದ ಕೆಳಗೆ ಬರಲಿ ಅಂದರು,
ಎರಡೂ ಮನೆತನದವರು, ಒಬ್ಬರ ಮುಖ ಒಬ್ಬರು ನೋಡದೆ:
"ನಮ್ಮ ಜಗಳ ತೀರುವ ತನಕ ನೆರಳು ನಿಮ್ಮದು."

ನೀರು ಶುಕ್ರವಾರ, ಅಸರ್ ಆದಮೇಲೆ, ಅರ್ಧ ಅಥರ್.
ಎಂದರೆ ಹದಿನೈದು ನಿಮಿಷ.
ಕಾಲಿನ ಸುಣ್ಣ ಹೊರಗೇ ತೊಳೆದು ಬಾ ಎಂದು ಸುಲೈಮ್ ಬೈಯುತ್ತಾನೆ.
ಹದಿನಾರಕ್ಕೆ ಗೋಣಿಚಿಂದಿ ತುರುಕಿ ತೂಬು ಮುಚ್ಚುತ್ತಾನೆ.
ತುಫೈಲನ ತಲೆಯಲ್ಲಿ ಇನ್ನೂ ಸೋಪಿನ ನೊರೆ.
ತಕರಾರಿಲ್ಲ. ಪಾಳಿ ಅಂದರೆ ಪಾಳಿ.

ನೀರಿನ ಪುಸ್ತಕಕ್ಕೆ ಹೆಸರು ಕೇಳಿದ.
ದ್ಯಾಮಣ್ಣ, ಅಂದೆ. ಮೂರು ಸಲ ಅಂದೆ.
ಬಲದಿಂದ ಎಡಕ್ಕೆ ಏನೋ ಬರೆದ,
ಮಸಿ ಆರುವ ಮುನ್ನ ಮುಚ್ಚಿದ.
ಈಗ ಎದುರುಪುಟದಲ್ಲಿ, ಯಾರದೋ ಮಂಗಳವಾರದ ಪಾಳಿಯ ಮೇಲೆ,
ನನ್ನ ಹೆಸರು ತಿರುಗುಮುರುಗಾಗಿ
ತೆಳ್ಳಗೆ ಬಿದ್ದಿದೆ.