ಕಾರ್ಯಾನುಭವದ ತಾಸು

ನಲವತ್ತೊಂದು ಮಕ್ಕಳಿಗೆ ಒಂದು ಗರಗಸ,
ಒಂದೂವರೆ ಸುತ್ತಿಗೆ. ಅರ್ಧದ್ದಕ್ಕೆ ಹಿಡಿಕೆಯಿಲ್ಲ.
ಅಕ್ಕಲಕೋಟೆಯ ನಮ್ಮ ಕನ್ನಡ ಶಾಲೆಗೆ
ಕೈಪಿಡಿ ಬರುವುದು ಮರಾಠಿಯಲ್ಲಿ;
ಹಲಗೆಯ ಮೇಲೆ ಅದನ್ನು ಕನ್ನಡಕ್ಕಿಳಿಸುವಾಗ
ಕೈತುಂಬ ಸುಣ್ಣದ ಪುಡಿ, ಅರ್ಧ ಅರ್ಥ ನೆಲಕ್ಕೆ.
ಬಿಜಾಗರಿ ಎಂದರೆ ಮಾತ್ರ
ಎರಡೂ ಕಡೆ ಬಾಗಿಲು ತೆರೆಯುತ್ತದೆ.

ಈ ವರ್ಷ ಪುಸ್ತಕ ಮುಚ್ಚಿ ಹೇಳಿದೆ:
ಮನೆಗೆ ಹೋಗಿ ಒಂದು ತಾಸು ಸುಮ್ಮನೆ ಕೂತು ನೋಡಿ.
ಯಾರಿಗೆ ಎಲ್ಲಿ ನೋಯುತ್ತದೆ, ಯಾವುದು ಜಾರುತ್ತದೆ,
ದಿನಾ ಬೈಗುಳ ತಿನ್ನುವ ವಸ್ತು ಯಾವುದು, ಬರೆದು ತನ್ನಿ.
'ನಾನ ರೀ ಸರ್' ಎಂದ ಯಲ್ಲಾಲಿಂಗ.
ವರ್ಗವೆಲ್ಲ ನಕ್ಕಿತು. ನಾನೂ.

ಭಾಗ್ಯವಂತಿ ನಗಲಿಲ್ಲ.
ಅವಳ ಅವ್ವ ಬೀಡಿ ಕಟ್ಟುವವಳು.
ಎಲೆಯ ಮೇಲೆ ತಗಡಿನ ಫರ್ಮಾ ಇಟ್ಟು
ಕತ್ತರಿ ಆಡಿಸಿ ಆಡಿಸಿ
ಹೆಬ್ಬೆರಳ ಬುಡದಲ್ಲಿ ಕಡಲೆಯಷ್ಟು ಗಂಟು.
ಹದಿನೈದು ದಿನ ಗರಗಸಕ್ಕೆ ಪಾಳಿ ಹಚ್ಚಿ
ಬೇವಿನ ಕಟ್ಟಿಗೆಯ ಹಿಡಿಕೆ ಕೂರಿಸಿದಳು,
ಕನ್ನಡಿಯಂತೆ ಉಜ್ಜಿದಳು.
ಅವ್ವ ಒಂದು ದಿನ ಹಿಡಿದು
ಮರುದಿನ ಹಳೆಯದಕ್ಕೇ ಮರಳಿದಳಂತೆ.

'ಅಳತೆ ಯಾರ ಕೈಯಿಂದ ತೊಗೊಂಡಿ?'
ಬಹಳ ಹೊತ್ತು ನೆಲ ನೋಡಿದಳು.
'ನನ್ನ ಕೈದ್ರಿ.'

ನಾನೇನೂ ಕಲಿಸಲಿಲ್ಲ, ಆಮೇಲಿನದು ಅವಳದೇ.
ಸೋಮವಾರ ಊಟದ ಡಬ್ಬಿಯಲ್ಲಿ ತಂದಳು
ಒಣಗಿದ ಹಿಟ್ಟಿನ ಮುದ್ದೆ.
ಹಿಡಿ ಅಂದು ಅವ್ವನ ಮುಷ್ಟಿಗೆ ಕೊಟ್ಟಿದ್ದಳು.
ಜೋಳದ್ದು ಬಿರಿಯಿತು, ಗೋಧಿಯದು ನಿಂತಿತು.
ಐದು ಬೆರಳಿನ ಐದು ಗುಳಿ,
ಹೆಬ್ಬೆರಳಿನದು ಒಂಚೂರು ಓರೆ.
ನಕ್ಷೆಯಲ್ಲಿ ಆ ಓರೆಯ ಹತ್ತಿರ
ಸೆಂಟಿಮೀಟರ್ ಬರೆಯುವ ಜಾಗದಲ್ಲಿ
'ಇಲ್ಲಿ ನೋವು' ಅಂತ ಬರೆದಿತ್ತು.
ಮತ್ತೆ ಬೇವು, ಮತ್ತೆ ಅರ,
ಮೇಲೆ ಸೈಕಲ್ ಟ್ಯೂಬಿನ ಸುತ್ತು.

ತಾಲೂಕಾ ಪ್ರದರ್ಶನದಲ್ಲಿ
ಐಸ್‌ಕ್ರೀಮ್ ಕಡ್ಡಿಯ ತಾಜಮಹಲ್ ಮೂರಿದ್ದವು,
ಮೂರಕ್ಕೂ ಒಳಗೆ ಬಲ್ಬು.
ನಮ್ಮ ಮೇಜಿನ ಮೇಲೆ ನಕ್ಷೆ, ಹಿಟ್ಟಿನ ಮುದ್ದೆ,
ನಡುವೆ ಕತ್ತರಿಯಷ್ಟುದ್ದ ಖಾಲಿ.
ಪರೀಕ್ಷಕರು ಮರಾಠಿಯಲ್ಲಿ ಕೇಳಿದರು, ವಸ್ತು ಎಲ್ಲಿ?
ಅವಳು ಕನ್ನಡದಲ್ಲಿ ಹೇಳಿದಳು:
'ಕೆಲಸಕ್ಕ ಹೋಗ್ಯಾದ್ರಿ.
ಇವತ್ತು ಸಾವಿರ ಬೀಡಿ ಕೊಡೋದದ.'
ನಾನು ಮರಾಠಿಗೆ ದಾಟಿಸಿದೆ.
ಈ ಸಲ ನಡುವೆ ಏನೂ ಉದುರಲಿಲ್ಲ.
ಅವರು ತಲೆದೂಗಿದರು. ಹಾಳೆಯಲ್ಲಿ ಮಾತ್ರ
'ವಸ್ತು ಗೈರುಹಾಜರು' ಎಂದು ಬರೆದು
ಮುಂದಿನ ತಾಜಮಹಲಿಗೆ ಹೋದರು.

ವಾಪಸು ಬರುವ ಟಮಟಮದಲ್ಲಿ
ಸಮಾಧಾನದ ಮಾತು ಹುಡುಕುತ್ತಿದ್ದೆ.
ಅವಳು ಡಬ್ಬಿ ತೆರೆದು ನೋಡುತ್ತಿದ್ದಳು:
ಕಿರುಬೆರಳಿನ ಗುಳಿಯಲ್ಲಿ ಇರುವೆ.
'ಹಿಟ್ಟು ಬ್ಯಾಡ್ರಿ ಸರ್,' ಎಂದಳು,
'ಮುಂದಿನ ಸಲ ಮಣ್ಣಿನಾಗ ತೊಗೋತೀನಿ.
ಬಾಜೂ ಮನಿ ಕಾಕಿಗೂ ಒಂದು ಬೇಕಂತ.
ಆಕಿ ಎಡಗೈ.'