ಕಾಫಿ ಕಟ್ಟಿಗೆಯ ಎಲುಬು

ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವಾಗ
ಎರಡನೇ ತಿರುವಿನಲ್ಲಿ ಹಳೆಯ ಪಲ್ಪರ್ ಮನೆ.
ಈಗ ಅಲ್ಲಿ ಹಣ್ಣು ಸುಲಿಯುವುದಿಲ್ಲ,
ನಾಯಿಗಳಿಗೆ ಎಲುಬು ಮಾಡುತ್ತೇವೆ.

ನಗಬೇಡಿ. ಕಾಫಿ ಗಿಡದ್ದೇ ಎಲುಬು.
ಮುದಿ ರೋಬಸ್ಟಾ ಕಿತ್ತರೆ
ಮೊದಲೆಲ್ಲ ಬಚ್ಚಲ ಒಲೆಗೆ ಹೋಗುತ್ತಿತ್ತು.
ಈಗ ಗೇಣುದ್ದ ಕೊಯ್ದು, ತೊಗಟೆ ತೆಗೆದು,
ಕುದಿಸಿ, ಒಣಗಿಸಿ,
ಮೂಲೆ ಮೊನೆ ಸವೆಯುವ ತನಕ ಉಜ್ಜಿ
ರಟ್ಟಿನ ಪೆಟ್ಟಿಗೆಗೆ.
ಈ ಮರ ಚಕ್ಕೆ ಏಳುವುದಿಲ್ಲ,
ನಾರುನಾರಾಗಿ ಸವೆಯುತ್ತದೆ, ಒಸಡಿಗೆ ಚುಚ್ಚುವುದಿಲ್ಲ
ಅನ್ನುತ್ತಾರೆ ಚೋಂದಮ್ಮ.
ಇಪ್ಪತ್ತೆರಡು ವರ್ಷ ಇದರ ಹಣ್ಣು ಕೊಯ್ದವಳು ನಾನು,
ಒಮ್ಮೆಯೂ ಕಚ್ಚಿ ನೋಡಿರಲಿಲ್ಲ.
ಕಚ್ಚಿದೆ.
ನೆನೆದ ಬೇಲಿಗೂಟದ ರುಚಿ.

ಪೆಟ್ಟಿಗೆಯ ಮೇಲೊಂದು ಹಸಿರು ಎಲೆ,
ಎಲೆಯ ಕೆಳಗೆ ಮೂರು ಭಾಷೆ.
ಕನ್ನಡದ್ದು ಸರಿಯಿದೆಯಾ ನೋಡು ಎಂದರು,
ಶೆಡ್ಡಿನಲ್ಲಿ ಏಳನೇ ಕ್ಲಾಸು ಪಾಸಾದವಳು ನಾನೊಬ್ಬಳೇ.
'ಪರಿಸರಸ್ನೇಹಿ' ಎಂದಿತ್ತು.
ಕಾಗುಣಿತ ಸರಿಯಿತ್ತು.

ನನ್ನಮ್ಮ ಸೋಪಿಗೆ ದುಡ್ಡಿಲ್ಲದೆ
ಅಂಟುವಾಳ ಕುದಿಸಿ ತಲೆ ತೊಳೆದಳು, ಬಟ್ಟೆ ಒಗೆದಳು,
ಒಣಗಿದ ಹೀರೆಕಾಯಿ ನಾರಿನಲ್ಲಿ
ನಮ್ಮ ಬೆನ್ನು ಕೆಂಪಾಗುವಂತೆ ತಿಕ್ಕಿದಳು.
ಅವಳನ್ನು ಯಾರೂ ಯಾವುದರ ಸ್ನೇಹಿ ಎಂದೂ ಕರೆಯಲಿಲ್ಲ.
ಅಂಗಡಿಯ ನೀಲಿ ಸೋಪು ಕೈಗೆ ಬಂದ ದಿನ
ಮೂಸಿ ಮೂಸಿ ನೋಡಿ
ಹಬ್ಬಕ್ಕೆಂದು ಅಟ್ಟದಲ್ಲಿಟ್ಟಳು.
ಇಲಿ ತಿಂದಿತು.
ಈಗ ಚೋಂದಮ್ಮನ ಎರಡನೇ ಕಪಾಟಿನಲ್ಲಿ
ಅದೇ ಅಂಟುವಾಳ, ಗಾಜಿನ ಶೀಶೆಯಲ್ಲಿ, ನೆಲ ಒರೆಸಲು,
ಮುನ್ನೂರ ನಲವತ್ತು ರೂಪಾಯಿ.
ಕೋಪವೇನಿಲ್ಲ.
ಕಾಯಿ ಆರಿಸಿ, ಕೇಜಿಗೆ ಇಷ್ಟೆಂದು ಎಣಿಸಿಕೊಂಡವಳೂ ನಾನೇ.

ನಮ್ಮನೆ ನಾಯಿಯ ಹೆಸರು ಕುಟ್ಟ.
ಕುಟ್ಟದಿಂದ ಬರುವ ಬಸ್ಸಿನ ಚಕ್ರಕ್ಕೆ
ಸಿಗದೆ ಉಳಿದ ಮರಿ, ಅದಕ್ಕೇ.
ಅಸ್ಸಾಮಿನ ರಫೀಕುಲ್ ಕೇಳಿದವನೇ
ಗರಗಸ ಆಫ್ ಮಾಡಿ ನಕ್ಕ.
ಹಿಂದಿಯಲ್ಲಿ ನಾಯಿಗೆ ನಾಯಿ ಎಂದೇ
ಹೆಸರಿಟ್ಟ ಹಾಗಾಯಿತಂತೆ.
ಇರಲಿ, ಕರೆದರೆ ಬರುತ್ತದೆ.

ಹುಳು ಕೊರೆದ ತುಂಡು ರಿಜೆಕ್ಟ್,
ಮನೆಗೆ ಒಯ್ಯಬಹುದು.
ಒಯ್ದೆ. ಕುಟ್ಟ ಮೂಸಿತು,
ಕಾಲೆತ್ತಿ ಉಚ್ಚೆ ಹೊಯ್ದಿತು,
ನನ್ನ ಪ್ಲಾಸ್ಟಿಕ್ ಚಪ್ಪಲಿ ಕಚ್ಚಿಕೊಂಡು ಹೋಯಿತು.

ಹೋದ ಮಾರ್ಚಿನ ರಾಶಿಯಲ್ಲಿ
ಕೆರೆ ಬದಿ ಸಾಲಿನ ಗಿಡವೊಂದಿತ್ತು.
ಗುರುತು ಸಿಕ್ಕಿದ್ದು ಕೊಂಬೆಯಿಂದ:
ಇರುವೆ ಹತ್ತದಿರಲಿ ಎಂದು
ಬುತ್ತಿ ಚೀಲವನ್ನು ಹುರಿಯಲ್ಲಿ ಬಿಗಿಯುತ್ತಿದ್ದೆ,
ವರ್ಷ ವರ್ಷ ಅದೇ ಜಾಗ.
ಹುರಿ ಹೋಗಿ ಬಿಗಿತ ಉಳಿದಿತ್ತು,
ಮರದ ಸುತ್ತ ಒಂದು ತಗ್ಗು,
ಉಂಗುರ ತೆಗೆದ ಬೆರಳಿನ ಹಾಗೆ.

ಉಜ್ಜಿ ಮಟ್ಟ ಮಾಡಬೇಕು, ನಿಯಮ.
ಸುತ್ತಲೂ ಉಜ್ಜಿದೆ,
ತಗ್ಗನ್ನು ಹಾಗೇ ಬಿಟ್ಟು
ಪೆಟ್ಟಿಗೆಯ ತಳಕ್ಕೆ ಸೇರಿಸಿದೆ.

ಆಗಸ್ಟಿನಲ್ಲಿ ಚೋಂದಮ್ಮ ಫೋನು ಹಿಡಿದು ಬಂದರು.
ಯಾವುದೋ ಊರು, ಹಲಗೆಯ ನೆಲ, ಬಿಳಿ ಪರದೆ,
ಕರುವಿನಷ್ಟು ದೊಡ್ಡ ನಾಯಿ
ಮುಂಗಾಲೆರಡರ ನಡುವೆ ತುಂಡು ಹಿಡಿದು
ಸರಿಯಾಗಿ ಆ ತಗ್ಗಿಗೇ ಹಲ್ಲು ಕೊಟ್ಟಿತ್ತು.
"ಇಂಥದ್ದೇ ಇನ್ನೂರು ಬೇಕಂತೆ, ಗೀರಿರೋದು.
ಎಷ್ಟು ದಿನ ಹಿಡಿಯುತ್ತೆ?"

ಮೆಷಿನ್ನಿನಲ್ಲಾದರೆ ತುಂಡಿಗೆ ಒಂದು ನಿಮಿಷ
ಎಂದ ರಫೀಕುಲ್.
ನಾನಿನ್ನೂ ಲೆಕ್ಕ ಹಾಕುತ್ತಿದ್ದೆ,
ಹನ್ನೊಂದು ವರ್ಷ, ಅಕ್ಕಿರೊಟ್ಟಿ, ಕೈಪುಳಿ ಉಪ್ಪಿನಕಾಯಿ,
ಜ್ವರ ಬಂದು ಹೋಗದ ದಿನಗಳನ್ನು ಕಳೆದು.

ಸಂಜೆ ಮೂಗಿನೊಳಗಿನ ಹುಡಿ ತೊಳೆದು ಮನೆಗೆ ಬಂದರೆ
ಕುಟ್ಟ ಹೊಸ್ತಿಲಲ್ಲಿ,
ಗಲ್ಲದಡಿ ಆ ತೂತಿನ ತುಂಡು, ದಿಂಬಿನಂತೆ.
ಕಚ್ಚಿದ ಗುರುತಿಲ್ಲ.
ಚಪ್ಪಲಿ ಇನ್ನೂ ಸಿಕ್ಕಿಲ್ಲ.