ಬರ್ರಾದಲ್ಲಿ ಆರದ ನಕ್ಷತ್ರ

ಹೆಸರಿಲ್ಲ ಅದಕ್ಕೆ, ನಂಬರು ಮಾತ್ರ.
ನಮ್ಮ ದೂರದರ್ಶಕಗಳಲ್ಲಿ ಬರೀ ಒಂದು ಚುಕ್ಕೆ,
ಒಗ್ಗರಣೆಯಿಂದ ಸಿಡಿದು ಹೊರಬಿದ್ದ ಸಾಸಿವೆ.
ಅಗಲ ಮೈ ತೋರಿಸಿದಾಗ ಹೊಳಪು,
ಸಪೂರ ಮಗ್ಗುಲಿಗೆ ಹೊರಳಿದರೆ ಮಂಕು.
ಹನ್ನೊಂದು ವರ್ಷ ಅದನ್ನೇ ಬರೆದಿಟ್ಟವಳು ಮೆರ್ಲ್ ಟ್ರೆಜೆಂಜಾ,
ಪೀಟರ್‌ಬರೋ ರೈಲು ಯಾರ್ಡಿನಲ್ಲಿ ಸಿಗ್ನಲ್ ಎಳೆದ ಕೈ.
ಅಕ್ಷ ವಾಲಿದೆ ಅಂದಳು. ನಾನು
ಬೀಸುಕಲ್ಲಿನ ಗೂಟ ಅಂದುಕೊಂಡೆ:
ಓರೆಯಲ್ಲ, ಮಲಗಿಯೇ ಬಿಟ್ಟಿದೆ.

ನಾನು ದರ್ಜಿ. ಈ ಊರಿನ ಗೌನುಗಳ ಸೊಂಟ ಹಿಡಿಸುವವಳು,
ಸ್ಕೂಲ್ ಪ್ಯಾಂಟುಗಳ ಅಂಚು ಬಿಚ್ಚುವವಳು.
ಅಂಗಡಿಗೆ ಬಾರದ ಗಿರಾಕಿಯ ಅಳತೆ ಹೇಗೆ?
ನೆರಳು ಹಿಡಿ, ಅಂದಳು.
ಗುರುವಾರ ನಸುಕಿಗೆ ಮೂರೂ ಹನ್ನೆರಡಕ್ಕೆ
ಅದು ನಕ್ಷತ್ರವೊಂದಕ್ಕೆ ಅಡ್ಡ ಬರುತ್ತದೆ.
ಕಾಣದಷ್ಟು ತೆಳು ನೆರಳು ಗೋಧಿ ಹೊಲಗಳನ್ನು ಹಾಯುತ್ತದೆ,
ಒಂದು ಕುರಿಯೂ ಏಳುವುದಿಲ್ಲ.

ರಸ್ತೆಯುದ್ದಕ್ಕೂ ಆರು ಊರು, ಆರು ಜನ, ಆರು ಗಡಿಯಾರ.
ನನಗೆ ಸಿಕ್ಕಿದ್ದು ಬರ್ರಾ,
ತಾಮ್ರ ತೋಡಿ ಬಿಟ್ಟ ಗುಂಡಿಯ ದಂಡೆ.
ರೆಪ್ಪೆ ಹೊಡೆಯಲೂ ಹೆದರಿಕೆ.
ಮೂರೂ ಹನ್ನೆರಡು.
ಹದಿಮೂರು.
ಹದಿನಾಲ್ಕು.
ನನ್ನ ನಕ್ಷತ್ರ ಮಿಸುಕಲಿಲ್ಲ.

ಫೋನುಗಳು ಬಂದವು. ಕ್ಯಾರಿಟನ್: ಎರಡು ಸೆಕೆಂಡು,
ನಡುವೆ ಒಮ್ಮೆ ಮಿಣುಕಿ ಮತ್ತೆ ಹೋಯಿತಂತೆ.
ಒರೊರೂ: ಆರು ಚಿಲ್ಲರೆ. ಮೆರ್ಲ್: ಎಂಟೂ ಮುಕ್ಕಾಲು.
ಟೆರೋವಿಯಲ್ಲಿ ಕಾಂಗರೂ ಬಂದು ಟ್ರೈಪಾಡು ಕೆಡವಿತು,
ಲೋಕಲ್ ಬೈಗುಳವೇ ಅಲ್ಲಿನ ವರದಿ.
ಹ್ಯಾಲೆಟ್: ನಾಲ್ಕು.
ನಾನು: ಇಲ್ಲ. ಏನೂ ಇಲ್ಲ.
ಸಾಲ ಕೇಳಿ ಬರಿಗೈಲಿ ಬಂದವಳ ದನಿ ನನ್ನದು.

ಬೆಳಕು ಹರಿದ ಮೇಲೆ ಮೆರ್ಲ್ ಬಂದಳು.
ನನ್ನ ಕತ್ತರಿಸುವ ಮೇಜು, ನನ್ನ ಕಂದು ಕಾಗದ.
ಸೆಕೆಂಡುಗಳನ್ನು ಕಿಲೋಮೀಟರು ಮಾಡಿ ಗೆರೆ ಎಳೆದಳು,
ತುದಿಗೆ ತುದಿ ಕೂಡಿಸಿದಳು. ಮಣ್ಣು ಕೊಡವಿ ಎದ್ದಿತು
ನೂರ ಮೂವತ್ತು ಕಿಲೋಮೀಟರಿನ ಸುವರ್ಣಗಡ್ಡೆ.
ಕ್ಯಾರಿಟನ್ ಕಡೆ ಒಂದು ಕಚ್ಚು,
ಯಾವ ಕಾಲದ ಏಟೋ.

ಕೆಳಗೆ ಮಾತ್ರ ಪೆನ್ಸಿಲ್ ತಡವರಿಸಿತು. ಎಲ್ಲಿಗೆ ಮುಗಿಸುವುದು?
ಬರ್ರಾ ಎಲ್ಲಿ ಬಂತು, ಎಂದು ಹುಡುಕಿ
ನನ್ನ ಊರಿನ ಮೇಲೆ ಎಲ್ಲೂ ಮುರಿಯದ ಒಂದು ಗೆರೆ,
ಈ ಅಂಚಿನಿಂದ ಆ ಅಂಚಿಗೆ.
ಇದನ್ನು ದಾಟುವ ಹಾಗಿಲ್ಲ ಅದು, ಅಂದಳು.
ನನ್ನ ಇಲ್ಲಕ್ಕೆ ಮೈ ತಾಗದ ಹಾಗೆ
ಬೆಟ್ಟದಂಥದ್ದು ಒಳಕ್ಕೆ ಮಡಚಿಕೊಂಡಿತು.

ಒಂಬತ್ತಕ್ಕೆ ಅಂಗಡಿ ತೆಗೆದೆ.
ಮೊದಲು ಬಂದಾಕೆ ಮಿಸೆಸ್ ಪ್ಯಾಸ್ಕೋ,
ಪಕ್ಕದಲ್ಲಿ ಒಂದಿಂಚು ಸಡಿಲ ಬೇಕಂತೆ.
ಕೈ ಎತ್ತಿ ನಿಂತುಕೊಳ್ಳಿ ಅಂದೆ.
ಟೇಪು ಸುತ್ತುವಾಗ ಬೆಚ್ಚಿದರು:
ಎಷ್ಟು ತಣ್ಣಗಿದೆ ನಿಮ್ಮ ಬೆರಳು!